ತೋಟದ ಆಚೆ ಈಚೆ ಎರಡು ಮನೆ, ಇಂಟರ್ನೆಟ್ ಒಂದೇ: ವೈಫೈ ತಲುಪಿಸೋದು ಹೇಗೆ?

ತೋಟದಂಚು (ಶಿರಸಿ ಕಡೆ)

ನಮಸ್ಕಾರ ಎಲ್ಲರಿಗೂ. ನಮ್ಮದು ಶಿರಸಿಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ, ತೋಟದ ತಲೆಯ ಮೇಲಿರುವ ಹಳೆ ಮನೆ. ಆಚೆ ಬದಿಗೆ ಚಿಕ್ಕಪ್ಪನ ಮನೆ. ನಡುವೆ ಅಡಿಕೆ ತೋಟ. ಟೇಪ್ ಹಿಡಿದು ಅಳೆದೆ, ನೇರ ದಾರಿಯಲ್ಲಿ 85 ಮೀಟರ್.

ಹೋದ ವರ್ಷ ನಮ್ಮ ಮನೆಗೆ ಫೈಬರ್ ಬಂತು. ಬಂದವರು ಬಾಕ್ಸನ್ನು ಜಗುಲಿಯ ಮೂಲೆಯಲ್ಲಿ, ಅಪ್ಪ ಕವಳದ ತಟ್ಟೆ ಇಡುವ ಗೂಡಿನ ಮೇಲೆ ಮೊಳೆ ಹೊಡೆದು ಕೂರಿಸಿ ಹೋದರು. ಅಪ್ಪನಿಗೆ ಖುಷಿ, ಯಕ್ಷಗಾನದ ವಿಡಿಯೊ ನೋಡ್ತಾ ಅಲ್ಲೇ ಕೂರುತ್ತಾರೆ. ಉಳಿದವರಿಗೆ ಕಷ್ಟ. ಜಗುಲಿಯಲ್ಲಿ ಫೋನ್ 48 ಎಂಬಿಪಿಎಸ್ ಸ್ಪೀಡ್ ತೋರಿಸುತ್ತದೆ, ಪ್ಲಾನ್ ಇರುವುದೇ 50. ನಡುಮನೆ ದಾಟಿ ಅಡುಗೆಮನೆಗೆ ಹೋದರೆ 6. ಮೆತ್ತಿನ (ಮಹಡಿಯ) ಮೇಲೆ, ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವ ಜಾಗದಲ್ಲಿ, ಒಮ್ಮೆ 9, ಒಮ್ಮೆ 2, ಇನ್ನೊಮ್ಮೆ ಸುಮ್ನೆ ಸುತ್ತುತ್ತಲೇ ಇರುತ್ತದೆ. ಮೀಟಿಂಗಿನ ನಡುವೆ ನನ್ನ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತದೆ, ಆಮೇಲೆ ಅದರ ಫೋಟೊ ಆಫೀಸಿನ ಗುಂಪಿನಲ್ಲಿ ಓಡಾಡುತ್ತದೆ. ಪೇಟೆಯಿಂದ ಒಂದು ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಡಬ್ಬಿ) ತಂದು ಮೆತ್ತಿನ ಮೇಲೆ ಸಿಕ್ಕಿಸಿದೆ. ಸಿಗ್ನಲ್ ಕಡ್ಡಿ ಈಗ ಪೂರ್ತಿ ಇದೆ. ಸ್ಪೀಡ್ ಮಾತ್ರ ಇದ್ದಲ್ಲೇ ಇದೆ.

ಈಗ ಚಿಕ್ಕಪ್ಪನ ಮಗಳು ಆನ್‌ಲೈನಿನಲ್ಲಿ ಒಂದು ಕೋರ್ಸ್ ಸೇರಿದ್ದಾಳೆ. ಅವರ ಮನೆ ತಗ್ಗಿನಲ್ಲಿದೆ, ಮೊಬೈಲ್ ಸಿಗ್ನಲ್ ಬೇಕಾದರೆ ಧರೆ (ತೋಟದ ಬದಿಯ ಮಣ್ಣಿನ ದಿಬ್ಬ) ಹತ್ತಬೇಕು. ಬೇರೆ ಕನೆಕ್ಷನ್ ಯಾಕೆ, ನಮ್ಮದರಿಂದಲೇ ಎಳೆಯಿರಿ ಎಂದು ಅಪ್ಪ ಹೇಳುತ್ತಾರೆ. ಜಗುಲಿಯಲ್ಲಿ ಹಳೆ ಡೆಸ್ಕ್‌ಟಾಪ್ ಇದೆ, ಅಡಿಕೆ ಲೆಕ್ಕ ಅದರಲ್ಲೇ. ಅದಕ್ಕೆ ಒಂದು ಪ್ರಿಂಟರ್, ಯುಎಸ್‌ಬಿ ವೈರಿನದು. ಅದೂ ಎಲ್ಲರಿಗೂ ಸಿಗುವ ಹಾಗಾದರೆ ಒಳ್ಳೆಯದು. ಅಂಗಡಿಯವರು 100ರ ಪ್ಲಾನಿಗೆ ಹೋಗಿ ಅಂದರು. ಹೋಗಲಾ? ತಿಳಿದವರು ಹೇಳಿ.

ಕುಮಟಾದವ_ಈಗ_ಬೆಂಗಳೂರು

ಮೆಶ್ ತಗೊಳ್ಳಿ ಅಣ್ಣ, ಒಂದಕ್ಕೊಂದು ಸೇರಿ ಒಂದೇ ವೈಫೈ ಆಗುವ ಡಬ್ಬಿಗಳು, ಮೂರರ ಸೆಟ್. ನಮ್ಮ ಫ್ಲಾಟಿಗೆ ಹಾಕಿದ್ದೇನೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯುತ್ತಿದೆ. ಒಂದು ಜಗುಲಿ, ಒಂದು ಮೆತ್ತು, ಒಂದು ಚಿಕ್ಕಪ್ಪನ ಮನೆ. ವೈರಿನ ರಗಳೆಯೇ ಇಲ್ಲ. ವೈಫೈ ಚಾನಲ್ (ಅದು ಮಾತಾಡುವ ರೇಡಿಯೊ ದಾರಿ) ಮಾತ್ರ 1, 6, 11ರಲ್ಲಿ ಖಾಲಿ ಇರುವುದನ್ನು ನೋಡಿ ಹಾಕಿ.

ಘಟ್ಟದ_ಮೇಲಿನವ (ಯಲ್ಲಾಪುರ)

ತಮಾ, ನಿನ್ನ ಫ್ಲಾಟಿನ ಗೋಡೆ ಆರು ಇಂಚು ದಪ್ಪ ಇದ್ದೀತು. ಇವರ ಹಳೆ ಮನೆಯ ಗೋಡೆ ನೋಡಿದ್ದೀಯಾ? ಒಂದೂವರೆ ಅಡಿ, ಎರಡಡಿ ಮಣ್ಣು. ಚಿರೇಕಲ್ಲಾದರೂ ಅಷ್ಟೇ ಕಥೆ. ಮಳೆಗಾಲದಲ್ಲಿ ಗೋಡೆ ತೇವ ಎಳೆದುಕೊಂಡರೆ ಇನ್ನೂ ಜಾಸ್ತಿ ತಡೆಯುತ್ತದೆ. ಮೆಶ್ ಆದರೂ ಡಬ್ಬಿಯಿಂದ ಡಬ್ಬಿಗೆ ಮಾತಾಡುವುದು ಗಾಳಿಯಲ್ಲೇ ತಾನೇ? ಮೊದಲನೆಯದು ಎರಡನೆಯದಕ್ಕೆ ಕೇಳಿಸದಿದ್ದರೆ ಎಷ್ಟು ದುಡ್ಡು ಸುರಿದರೂ ಅಷ್ಟೇ. ಚಾನಲ್ ಮಾತೂ ಇವರಿಗೆ ಬೇಡ. ನಿನ್ನ ಫ್ಲಾಟಿನ ಸುತ್ತ ಮೂವತ್ತು ವೈಫೈ ಇರುತ್ತವೆ, ಅಲ್ಲಿ ಜಗಳ. ಇವರ ಸುತ್ತ ಇರುವುದು ಅಡಿಕೆ ಮರ, ಅವು ಯಾವ ಚಾನಲ್ಲಿಗೂ ಬರುವುದಿಲ್ಲ.

ತೋಟದಂಚು ಅವರೇ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಜಗುಲಿಯಲ್ಲಿ 48 ಬರುತ್ತಿದೆ ಅಂದರೆ ಹೊರಗಿನಿಂದ ಬರುವುದು ಸರಿ ಇದೆ. ಕಳೆದುಹೋಗುತ್ತಿರುವುದು ಮನೆಯೊಳಗೆ. 100ರ ಪ್ಲಾನ್ ಹಾಕಿದರೆ ಜಗುಲಿಯಲ್ಲಿ 95 ಆಗುತ್ತದೆ, ಅಡುಗೆಮನೆಯಲ್ಲಿ ಮತ್ತದೇ 6. ಒಂದು ವಿಡಿಯೊ ಮೀಟಿಂಗಿಗೆ ಹೆಚ್ಚೆಂದರೆ ಮೂರ್ನಾಲ್ಕು ಎಂಬಿಪಿಎಸ್ ಸಾಕು. ಎರಡು ಮನೆ ಸೇರಿದರೂ 50 ನಿಮಗೆ ಧಾರಾಳ. ಆ ದುಡ್ಡು ವೈರಿಗೆ ಹಾಕಿ.

ರಿಪೀಟರ್ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಅದನ್ನು ನೀವು ಸಿಗ್ನಲ್ ಸತ್ತ ಜಾಗದಲ್ಲಿ ಇಟ್ಟಿದ್ದೀರಿ. ಅದಕ್ಕೆ ಬರುವುದೇ 9, ಅದನ್ನೇ ಅದು ಜೋರಾಗಿ ಕೂಗಿ ಹೇಳುತ್ತದೆ. ಕಡ್ಡಿ ಪೂರ್ತಿ ಇರುವುದು ನಿಮ್ಮ ಫೋನಿಗೂ ರಿಪೀಟರಿಗೂ ನಡುವಿನದು. ಹಿಂದಿನ ದಾರಿ ಹಾಗೇ ಇದೆ. ಅದರ ಮೇಲೆ ಸಾದಾ ರಿಪೀಟರುಗಳು ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳುತ್ತವೆ. ಹಾಗಾಗಿ ಸ್ಪೀಡ್ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಮೆತ್ತಿಗೆ ಮಾಡಬೇಕಾದ್ದು ಇಷ್ಟು. ಜಗುಲಿಯ ಬಾಕ್ಸಿನಿಂದ ಒಂದು ಲ್ಯಾನ್ ಕೇಬಲ್ (ರೂಟರ್, ಕಂಪ್ಯೂಟರ್ ಜೋಡಿಸುವ ನೆಟ್‌ವರ್ಕ್ ವೈರ್) ಮೇಲಕ್ಕೆ ಎಳೆಯಿರಿ. ಗೋಡೆ ಕೊರೆಯಬೇಕಾಗಿಲ್ಲ, ಹಳೆ ಮನೆಯಲ್ಲಿ ತೊಲೆಯ ಪಕ್ಕ ಸಂದು ಇದ್ದೇ ಇರುತ್ತದೆ, ಏಣಿಮೆಟ್ಟಿಲ ಬದಿಯಿಂದಲೂ ಹೋಗಬಹುದು. ಮೇಲೆ ಒಂದು ಸಾದಾ ರೂಟರ್ ಇಡಿ, ಹಳೆಯದಿದ್ದರೂ ನಡೆಯುತ್ತದೆ. ಅದರ ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ವೈರಿನಲ್ಲಿ ಬಂದದ್ದನ್ನು ವೈಫೈ ಆಗಿ ಕೊಡುವುದಷ್ಟೇ) ಇದ್ದರೆ ಅದನ್ನು ಹಾಕಿಬಿಡಿ, ಕಥೆ ಮುಗಿಯಿತು. ಇಲ್ಲದಿದ್ದರೆ ಕೈಯಲ್ಲೇ ಮಾಡಬೇಕು. ಮೊದಲು ಎರಡನೇ ರೂಟರನ್ನು ಒಂಟಿಯಾಗಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ. ಮುಖ್ಯ ಬಾಕ್ಸಿನ ವಿಳಾಸ 192.168.1.1 ಇದ್ದರೆ (ಅಡಿಯ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ, ಕೆಲವದರಲ್ಲಿ ಬೇರೆ ಇರುತ್ತದೆ) ಇದಕ್ಕೆ 192.168.1.2 ಕೊಡಿ. ಆಮೇಲೆ ಡಿಎಚ್‌ಸಿಪಿ (ಸೇರಿದ ಫೋನು, ಕಂಪ್ಯೂಟರುಗಳಿಗೆ ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ. ಇದನ್ನು ಮರೆಯಬೇಡಿ, ಎಲ್ಲರೂ ಮರೆಯುವುದು ಇದನ್ನೇ. ಕೇಬಲನ್ನು ಅದರ ವ್ಯಾನ್ ತೂತಿಗೆ (ಹೊರಗಿನ ಇಂಟರ್ನೆಟ್ ಸೇರಿಸುವುದು) ಹಾಕಬೇಡಿ, ಬಣ್ಣ ಬೇರೆ ಇರುತ್ತದೆ. ಲ್ಯಾನ್ ತೂತಿಗೆ ಹಾಕಿ. ವ್ಯಾನಿಗೆ ಹಾಕಿದರೂ ಇಂಟರ್ನೆಟ್ ಬರಬಹುದು, ಆದರೆ ಮನೆಯೊಳಗೆ ಎರಡು ಬೇರೆ ಬೇರೆ ಜಾಲ ಆಗುತ್ತವೆ. ಮೆತ್ತಿನ ಮೇಲಿಂದ ಜಗುಲಿಯ ಪ್ರಿಂಟರ್ ಹುಡುಕಿದರೂ ಸಿಗುವುದಿಲ್ಲ.

ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇಡಿ. ಫೋನ್ ಹಿಡಿದು ಮೆಟ್ಟಿಲು ಹತ್ತಿದರೆ ಅದೇ ಬದಲಾಯಿಸಿಕೊಳ್ಳುತ್ತದೆ. ಹಳೆ ಫೋನುಗಳು ಸ್ವಲ್ಪ ಹಟ ಮಾಡುತ್ತವೆ, ಒಮ್ಮೆ ವೈಫೈ ಆಫ್ ಮಾಡಿ ಆನ್ ಮಾಡಿದರೆ ಆಯಿತು.

ಕಾಳಿ_ದಂಡೆ (ಕಾರವಾರ)

ಮೇಲಿನವರು ಹೇಳಿದ್ದು ಸರಿ. ಕೇಬಲ್ ಬಗ್ಗೆ ನಾನೂ ಒಂದಿಷ್ಟು ಸೇರಿಸುತ್ತೇನೆ, ನಾನು ಈ ಕೆಲಸಕ್ಕೆ ಕೈ ಹಾಕಿದ್ದು ಮಾಡೆಮ್ ಕಿರುಚುವ ಕಾಲದಲ್ಲಿ. ಆಗ 56 ಕೆಬಿಪಿಎಸ್ ಡಯಲಪ್. ವಿಂಡೋಸ್ 98ರ ಎರಡನೇ ಆವೃತ್ತಿ 1999ರಲ್ಲಿ ಬಂತು, ಅದರಲ್ಲಿ ಇಂಟರ್ನೆಟ್ ಹಂಚಿಕೊಳ್ಳುವ ಸೌಲಭ್ಯ ಸಿಕ್ಕಿತು. ಕೋಡಿಬಾಗದ ನಮ್ಮ ಮನೆಯಲ್ಲಿ ಎರಡು ಕಂಪ್ಯೂಟರಿಗೆ ಕ್ರಾಸ್‌ಓವರ್ ಕೇಬಲ್ (ಕಂಪ್ಯೂಟರಿನಿಂದ ಕಂಪ್ಯೂಟರಿಗೆ ನೇರ ಹಾಕಲು ತಂತಿ ಅದಲುಬದಲು ಮಾಡಿದ್ದು) ಕಟ್ಟಿ, ಒಂದೇ ಫೋನ್ ಲೈನಿನಲ್ಲಿ ಇಬ್ಬರು ಮೇಲ್ ನೋಡುತ್ತಿದ್ದೆವು. ಅಷ್ಟರಲ್ಲಿ ಅತ್ತೆ ಫೋನ್ ಮಾಡಲು ರಿಸೀವರ್ ಎತ್ತಿದರೆ ಇಬ್ಬರದೂ ಹೋಯಿತು. ಈಗಿನ ಸಾಧನಗಳಿಗೆ ಕ್ರಾಸ್‌ಓವರ್ ಬೇಕಾಗಿಲ್ಲ, ಅವೇ ತಿಳಿದುಕೊಳ್ಳುತ್ತವೆ.

ಕೇಬಲ್ ಕೊಳ್ಳುವಾಗ ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಕೇಳಿ, ಅಷ್ಟಕ್ಕೇ ನಿಲ್ಲಿಸಬೇಡಿ. ಪೂರ್ತಿ ತಾಮ್ರದ್ದಾ ಎಂದೂ ಕೇಳಿ. ಅಗ್ಗದ ಸುರುಳಿಗಳಲ್ಲಿ ಅಲ್ಯೂಮಿನಿಯಂ ತಂತಿಯ ಮೇಲೆ ತಾಮ್ರದ ಲೇಪ ಇರುತ್ತದೆ. ತಂತಿಯ ತುದಿಯನ್ನು ಬ್ಲೇಡಿನಲ್ಲಿ ಕೆರೆಯಿರಿ, ಒಳಗೆ ಬೆಳ್ಳಿ ಬಣ್ಣ ಕಂಡರೆ ಅಂಗಡಿಯವನಿಗೇ ವಾಪಸ್ ಕೊಡಿ. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ ಅದು.

ಪ್ಲಗ್ ನೀವೇ ಹಾಕುವುದಾದರೆ ಬಣ್ಣದ ಕ್ರಮ ಹೀಗೆ. ಕ್ಲಿಪ್ ಕೆಳಗೆ ಮಾಡಿ, ತಂತಿ ತೂರಿಸುವ ಬದಿ ನಿಮ್ಮ ಕಡೆಗೆ ಹಿಡಿದು, ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿಯ ಎರಡೂ ಬದಿಗೆ ಹಂಚಿಹೋಗುವುದೇ ತಪ್ಪಾಗುವ ಜಾಗ. ನೇರವಾಗಿ ಜೋಡಿ ಜೋಡಿಯಾಗಿ ಹಾಕಿಬಿಡುತ್ತಾರೆ, ಮೂರು ಮೀಟರ್ ಕೇಬಲಿನಲ್ಲಿ ನಡೆಯುತ್ತದೆ, ಉದ್ದವಾದರೆ ಕೈಕೊಡುತ್ತದೆ. ಎಂಟೂ ತಂತಿ ಸರಿ ಇದ್ದರೆ ಗಿಗಾಬಿಟ್. ಕಂಪ್ಯೂಟರ್ ಗಿಗಾಬಿಟ್ಟಿನದಾಗಿದ್ದೂ 100 ಎಂದೇ ತೋರಿಸುತ್ತಿದ್ದರೆ ಹೆಚ್ಚಿನ ಸಲ ಯಾವುದೋ ಒಂದು ಜೋಡಿ ಕೂತಿರುವುದಿಲ್ಲ. ಮತ್ತೊಮ್ಮೆ ಕತ್ತರಿಸಿ ಹಾಕಿ.

ನಮ್ಮಲ್ಲಿ ಇನ್ನೊಂದು ಕಾಟ ಉಪ್ಪುಗಾಳಿ. ಎರಡು ವರ್ಷಕ್ಕೆ ಪ್ಲಗ್ಗಿನ ಹಲ್ಲು ಹಸಿರಾಗುತ್ತದೆ. ನಿಮಗೆ ಘಟ್ಟದ ಮೇಲೆ ಅದಿಲ್ಲ. ಇರುವೆ ಇದೆಯಲ್ಲ, ರೂಟರ್ ಬೆಚ್ಚಗಿರುತ್ತದೆ ಎಂದು ಮಳೆಗಾಲದಲ್ಲಿ ಅದರೊಳಗೆ ಸಂಸಾರ ಹೂಡುತ್ತವೆ. ಗೋಡೆಗೆ ಅಂಟಿಸದೆ ಸ್ವಲ್ಪ ದೂರ ತೂಗು ಹಾಕಿ.

ತೋಟದಂಚು

ಎಲ್ಲರಿಗೂ ಥ್ಯಾಂಕ್ಸ್. ಮೆತ್ತಿನ ವಿಚಾರ ಸ್ಪಷ್ಟವಾಯಿತು, ಈ ಭಾನುವಾರ ಎಳೆಯುತ್ತೇನೆ. ಲ್ಯಾನ್ ಕೇಬಲ್ 100 ಮೀಟರ್ ತನಕ ನಡೆಯುತ್ತದೆ ಎಂದು ಓದಿದೆ. ನಮ್ಮದು 85. ಹಾಗಾದರೆ ಅದೇ ಕ್ಯಾಟ್ 6 ಸುರುಳಿಯಲ್ಲಿ ಚಿಕ್ಕಪ್ಪನ ಮನೆಗೂ ಅಡಿಕೆ ಮರದಿಂದ ಮರಕ್ಕೆ ಕಟ್ಟಿಕೊಂಡು ಹೋದರಾಯಿತಲ್ವಾ?

ಶರಾವತಿ_ಬದಿ (ಹೊನ್ನಾವರ)

ಬೇಡ ಮಾರಾಯ್ರೇ, ದಯವಿಟ್ಟು ಬೇಡ. ನಾನು ಮಾಡಿ ಕೈ ಸುಟ್ಟುಕೊಂಡವನು.

ನಮ್ಮ ಮನೆಯಿಂದ ಅಡಿಕೆ ಸುಲಿಯುವ ಕೊಟ್ಟಿಗೆಗೆ 40 ಮೀಟರ್. ಕ್ಯಾಮೆರಾ ಬೇಕಿತ್ತು, ಒಂದು ಡೆಸ್ಕ್‌ಟಾಪ್ ಬೇಕಿತ್ತು. ತಾಮ್ರದ ಒಳ್ಳೆ ಕೇಬಲನ್ನೇ ತಂದು ತೆಂಗಿನ ಮರಕ್ಕೆ ಕಟ್ಟಿ ಎಳೆದೆ. ಎಂಟು ತಿಂಗಳು ಏನೂ ಆಗಲಿಲ್ಲ. ಮೇ ತಿಂಗಳು, ಮಳೆ ಹಿಡಿಯುವುದಕ್ಕೆ ಮೊದಲಿನ ಗುಡುಗು ಸಿಡಿಲಿನ ಸಂಜೆ. ಅಂಗಳದಲ್ಲಿ ಹಾಕಿದ್ದ ಹಪ್ಪಳ ಎತ್ತುತ್ತಿದ್ದೆವು. ಸಿಡಿಲು ಬಡಿದದ್ದು ನಮ್ಮ ಮರಕ್ಕೂ ಅಲ್ಲ, ಗದ್ದೆಯ ಆಚೆಗೆ ಎಲ್ಲೋ. ಒಳಗೆ ಚಟ್ ಎಂದು ಒಂದು ಶಬ್ದ, ಅಷ್ಟೇ. ಹೋಗಿ ನೋಡಿದರೆ ಫೈಬರ್ ಬಾಕ್ಸಿನ ಲ್ಯಾನ್ ತೂತು ಕಪ್ಪಾಗಿದೆ, ರೂಟರ್ ಸತ್ತಿದೆ, ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಹೋಗಿದೆ, ರೂಟರಿಗೆ ವೈರಿನಲ್ಲಿ ಸೇರಿದ್ದ ಟಿವಿಯೂ ಹೋಗಿದೆ. ಕರೆಂಟ್ ಪ್ಲಗ್ ಎಲ್ಲ ಮೊದಲೇ ಕಿತ್ತಿಟ್ಟಿದ್ದೆ! ಲ್ಯಾನ್ ಕೇಬಲ್ ಕೀಳಬೇಕು ಎಂದು ತಲೆಗೇ ಬಂದಿರಲಿಲ್ಲ.

ಆಮೇಲೆ ತಿಳಿದವರು ವಿವರಿಸಿದರು. ಹತ್ತಿರದಲ್ಲಿ ಸಿಡಿಲು ಬಿದ್ದರೆ ಉದ್ದದ ತಾಮ್ರದ ತಂತಿಯಲ್ಲಿ ತಾನಾಗಿಯೇ ವೋಲ್ಟೇಜ್ ಏಳುತ್ತದೆ. ಅದಲ್ಲದೆ ಎರಡು ಕಟ್ಟಡದ ಅರ್ತಿಂಗ್ ಬೇರೆ ಬೇರೆ, ಸಿಡಿಲಿನ ಹೊತ್ತಿಗೆ ಎರಡರ ನಡುವೆ ಭಾರೀ ವ್ಯತ್ಯಾಸ ಬರುತ್ತದೆ, ಅದು ಸಮ ಆಗಲು ಹುಡುಕುವ ದಾರಿ ನಿಮ್ಮ ಲ್ಯಾನ್ ಕೇಬಲ್. ಸರ್ಜ್ ಪ್ರೊಟೆಕ್ಟರ್ (ಹೀಗೆ ಏಳುವ ವೋಲ್ಟೇಜನ್ನು ನೆಲಕ್ಕೆ ಬಿಡುವ ಸಾಧನ) ಹಾಕಬಹುದು, ಆದರೆ ಅದಕ್ಕೂ ಎರಡೂ ತುದಿಯಲ್ಲಿ ಒಳ್ಳೆ ಅರ್ತಿಂಗ್ ಬೇಕು. ನಮ್ಮ ಹಳೆ ಮನೆಗಳಲ್ಲಿ ಅರ್ತಿಂಗ್ ಹೇಗಿದೆ ಎನ್ನುವುದು ಗೊತ್ತೇ ಇದೆ.

ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಹಾಕಿ. ಗಾಜು ಕರೆಂಟ್ ಒಯ್ಯುವುದಿಲ್ಲ. ಬೇಕಾದ್ದು ಒಂದು ಜೊತೆ ಮೀಡಿಯಾ ಕನ್ವರ್ಟರ್ (ಲ್ಯಾನ್ ಕೇಬಲಿನಲ್ಲಿ ಬಂದದ್ದನ್ನು ಫೈಬರಿನ ಬೆಳಕಾಗಿ, ಬೆಳಕನ್ನು ಮತ್ತೆ ಲ್ಯಾನಿಗೆ ಬದಲಿಸುವ ಡಬ್ಬಿ), ಸಿಂಗಲ್ ಮೋಡ್, ಒಂದೇ ಎಳೆಯದು. ನಿಮ್ಮ ಮನೆಯಲ್ಲಿ ಬಾಕ್ಸಿನಿಂದ ಚಿಕ್ಕ ಲ್ಯಾನ್ ಕೇಬಲ್ ಕನ್ವರ್ಟರಿಗೆ, ಅಲ್ಲಿಂದ ಫೈಬರ್, ಆಚೆ ತುದಿಯಲ್ಲಿ ಇನ್ನೊಂದು ಕನ್ವರ್ಟರ್, ಅಲ್ಲಿಂದ ಚಿಕ್ಕಪ್ಪನ ಮನೆಯ ರೂಟರಿಗೆ. ಹುಬ್ಬಳ್ಳಿಯಿಂದ ತರಿಸಿದೆ, ನನಗೆ ಜೋಡಿಗೆ 1,500ರ ಆಸುಪಾಸು ಬಿತ್ತು. ಸುಟ್ಟುಹೋದ ಟಿವಿಗೆ ಹೋಲಿಸಿದರೆ ಏನೂ ಅಲ್ಲ. ಕೊಳ್ಳುವಾಗ ಒಂದು ಎ, ಒಂದು ಬಿ ಇದೆಯಾ ನೋಡಿ. ಒಂದು 1310 ನ್ಯಾನೊಮೀಟರಿನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಇನ್ನೊಂದು ತಿರುವುಮುರುವು. ಎರಡೂ ಒಂದೇ ಥರದ್ದಾದರೆ ಇಬ್ಬರೂ ಮಾತಾಡುತ್ತಾರೆ, ಕೇಳುವವರು ಯಾರೂ ಇರುವುದಿಲ್ಲ.

ಕೇಬಲಿನಲ್ಲೂ ಒಂದು ಕೊಕ್ಕೆ ಇದೆ. ಮನೆಗೆ ಎಳೆಯುವ ಚಪ್ಪಟೆ ಫೈಬರಿನಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಅದೇ ಇದ್ದರೆ ಮತ್ತೆ ಲೋಹವನ್ನೇ ಮನೆಗೆ ತಂದ ಹಾಗಾಯಿತು. ಲೋಹ ಇಲ್ಲದ್ದು, ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿಯದ್ದು ಕೇಳಿ. ಉಕ್ಕಿನದೇ ಸಿಕ್ಕಿದರೆ ಆ ತಂತಿಯನ್ನು ಹೊರಗಿನ ಕಂಬಕ್ಕೇ ಕಟ್ಟಿ ನಿಲ್ಲಿಸಿ, ಒಳಗೆ ಬಿಡಬೇಡಿ. ಮತ್ತೆ ಫೈಬರಿನ ತುದಿಗೆ ಕಣ್ಣಿಟ್ಟು ಬೆಳಕು ಬರುತ್ತಿದೆಯಾ ಎಂದು ನೋಡಬೇಡಿ, ಅದು ಕಣ್ಣಿಗೆ ಕಾಣದ ಬೆಳಕು. ಮಕ್ಕಳಿಗೂ ಹೇಳಿಡಿ.

ಘಟ್ಟದ_ಮೇಲಿನವ

ಹೊನ್ನಾವರದವರ ಮಾತಿಗೆ ನೂರಕ್ಕೆ ನೂರು. ಮರದಿಂದ ಮರಕ್ಕೆ ಕಟ್ಟುವುದು ಫೈಬರಾದರೂ ಬೇಡ. ಅಡಿಕೆ ಕೊಯ್ಯುವ ಕೊನೆಗೌಡ ಮರದ ಮೇಲಿಂದ ಹಗ್ಗದಲ್ಲಿ ಅಡಿಕೆ ಗೊನೆ ಜಾರಿಸುವಾಗ ದಾರಿಯಲ್ಲಿ ಕೇಬಲ್ ಇದ್ದರೆ ಏನಾಗುತ್ತದೆ ಊಹಿಸಿ. ಅದು ತಪ್ಪಿದರೆ ಮಂಗ. ಒಂದು ಮಂಗ ಜೋತುಬಿದ್ದರೆ ಸಾಕು, ಅದು ಒಂದೇ ಎಲ್ಲಿ ಬರುತ್ತದೆ? ಗಾಳಿಮಳೆಗೆ ಮರ ಬೀಳುವುದಂತೂ ಪ್ರತಿವರ್ಷ.

ಫೈಬರಿಗೆ 100 ಮೀಟರಿನ ಕಟ್ಟಳೆ ಇಲ್ಲ, ಸಾಮಾನ್ಯ ಕನ್ವರ್ಟರುಗಳೇ 20 ಕಿಲೋಮೀಟರ್ ತನಕದವು. ಹಾಗಾಗಿ ತೋಟದ ನಡುವೆ ಹೋಗಬೇಕಾಗಿಲ್ಲ. ಧರೆಯ ಅಂಚಿನಲ್ಲಿ ಸುತ್ತು ಹಾಕಿ, 140 ಆಗಲಿ 200 ಆಗಲಿ. ಸ್ಪ್ರಿಂಕ್ಲರಿನ ಹಳೆ ಕಪ್ಪು ಪೈಪ್ ಮನೆಯಲ್ಲಿ ಬಿದ್ದಿರುತ್ತದಲ್ಲ, ಅದರೊಳಗೆ ಹಾಕಿ ಒಂದೂವರೆ ಅಡಿ ಆಳಕ್ಕೆ ಹೂಳಿ. ಮುಳ್ಳುಹಂದಿ ಕೆರೆಯುವ ಜಾಗ ಗೊತ್ತಿದ್ದರೆ ಅಲ್ಲಿ ಇನ್ನೂ ಆಳ. ಎಲ್ಲಿ ಹೂತಿದ್ದೀರಿ ಎನ್ನುವುದನ್ನು ಒಂದು ಕಾಗದದಲ್ಲಿ ಬರೆದಿಡಿ, ಮುಂದಿನ ವರ್ಷ ಬಾಳೆ ನೆಡುವವರು ಗುದ್ದಲಿ ಹಾಕುವುದು ಅಲ್ಲೇ.

ಕುಮಟಾದವ_ಈಗ_ಬೆಂಗಳೂರು

ಸರಿ, ಮೆಶ್ ಮಾತು ವಾಪಸ್ ತಗೊಂಡೆ. ಆದರೆ ಎರಡು ಮನೆಯ ಮಾಡಿಗೆ ಎದುರುಬದುರು ಡಿಶ್ ಥರದ ವೈರ್‌ಲೆಸ್ ಸಾಧನ ಇಡುತ್ತಾರಲ್ಲ, 5 ಗಿಗಾಹರ್ಟ್ಸಿನದು? ಅಗೆಯುವ ಕೆಲಸವೇ ಇಲ್ಲ. 85 ಮೀಟರ್ ಅದಕ್ಕೆ ಲೆಕ್ಕವೇ ಅಲ್ಲ.

ಹೇರೂರು_ರಸ್ತೆ (ಸಿದ್ದಾಪುರ ಕಡೆ)

ನಾವು ಅದನ್ನೇ ಹಾಕಿದ್ದು. ಜನವರಿಯಲ್ಲಿ ಹಾಕಿದೆವು, ಸಂಕ್ರಾಂತಿಯ ಎಳ್ಳು ತಿನ್ನುತ್ತಾ ಎರಡೂ ಮನೆಯವರು ವಿಡಿಯೊ ಕಾಲ್ ಮಾಡಿ ನಕ್ಕೆವು, ಇಷ್ಟು ಸುಲಭವಾ ಅಂತ. ಆರಿದ್ರೆ ಮಳೆ ಶುರುವಾಯಿತು ನೋಡಿ. ಅಡಿಕೆ ಹೆಡೆ ಒದ್ದೆ, ಬಾಳೆ ಎಲೆ ಒದ್ದೆ, ಸಿಗ್ನಲ್ ಬಂದರೆ ಬಂತು. 5 ಗಿಗಾಹರ್ಟ್ಸಿನ ಅಲೆಗೆ ನೀರು ಹಿಡಿದ ಎಲೆ ಅಂದರೆ ಗೋಡೆ ಇದ್ದ ಹಾಗೆ. ನಡುವೆ ಬಯಲು ಇದ್ದು, ಈಚೆಯದಕ್ಕೆ ಆಚೆಯದು ಕಣ್ಣಿಗೆ ಕಾಣುತ್ತಿದ್ದರೆ ಚೆನ್ನಾಗಿ ನಡೆಯುತ್ತದೆ, ಮಳೆ ಹನಿ ಅಷ್ಟೇನೂ ಮಾಡುವುದಿಲ್ಲ. ತೋಟದ ನಡುವೆ ಆಗದ ಮಾತು. ಕಂಬ ಎತ್ತರಿಸಿದರೆ ಆಗುತ್ತದೆ ಎಂದು ಒಬ್ಬರು ಅಂದರು. ಅಡಿಕೆ ಮರಕ್ಕಿಂತ ಎತ್ತರದ ಕಬ್ಬಿಣದ ಕಂಬ ಮನೆ ಮಾಡಿನ ಪಕ್ಕ ನಿಲ್ಲಿಸಿ ಸಿಡಿಲನ್ನು ನಾವೇ ಕರೆಯಬೇಕಾ?

ಇನ್ನೊಂದು, ಕರೆಂಟ್. ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ ಚಿಕ್ಕಪ್ಪನ ಮನೆಯ ಕನ್ವರ್ಟರ್, ರೂಟರ್ ಎರಡಕ್ಕೂ ಅಲ್ಲೇ ಕರೆಂಟ್ ಬೇಕು. ಜುಲೈನಲ್ಲಿ ಕರೆಂಟ್ ಹೋದರೆ ಎರಡು ದಿನ. ರೂಟರಿಗೆಂದೇ 12 ವೋಲ್ಟಿನ ಚಿಕ್ಕ ಯುಪಿಎಸ್ ಸಿಗುತ್ತದೆ, ಕೆಲವು ಗಂಟೆ ತಡೆಯುತ್ತದೆ. ಕನ್ವರ್ಟರುಗಳು ಸಾಮಾನ್ಯವಾಗಿ 5 ವೋಲ್ಟಿನವು, 12ರದ್ದು ಸಿಕ್ಕಿಸಿ ಸುಡಬೇಡಿ. ಎರಡೂ ಬಾಯಿ ಇರುವ ಯುಪಿಎಸ್ ನೋಡಿ ತನ್ನಿ.

ಕಾಳಿ_ದಂಡೆ

ಒಂದು ಮಾತು ಬಿಟ್ಟುಹೋಗಿತ್ತು. ಕನೆಕ್ಷನ್ ಇರುವುದು ನಿಮ್ಮ ಹೆಸರಿನಲ್ಲಿ. ಆಚೆ ಮನೆಯಲ್ಲಿ ಯಾರೇ ಏನೇ ಮಾಡಿದರೂ ಹೊರಗಿನಿಂದ ನೋಡುವವರಿಗೆ ಅದು ನೀವೇ. ಒಂದೇ ಮನೆತನ, ಸರಿ. ಆದರೂ ನಿಮ್ಮ ಕಂಪನಿಯ ಷರತ್ತಿನಲ್ಲಿ ಇನ್ನೊಂದು ಮನೆಗೆ ಕೊಡಬಹುದಾ ಎಂದು ಒಮ್ಮೆ ಓದಿ ನೋಡಿ. ಅಕ್ಕಪಕ್ಕದವರಿಗೆ ತಿಂಗಳಿಗೆ ಇಷ್ಟು ಎಂದು ದುಡ್ಡು ತಗೊಂಡು ಹಂಚುವುದಂತೂ ಬೇಡ, ಲೈಸೆನ್ಸ್ ಇಲ್ಲದೆ ಇಂಟರ್ನೆಟ್ ಮಾರುವ ಹಾಗಿಲ್ಲ.

ಬಾಕ್ಸಿನ ಒಳಗೆ ಹೋಗುವ ಅಡ್ಮಿನ್ ಪಾಸ್‌ವರ್ಡ್ ಹಾಗೇ ಬಿಟ್ಟಿದ್ದರೆ ಇವತ್ತೇ ಬದಲಾಯಿಸಿ, ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ನೆಂಟರಿಗೆ ಗೆಸ್ಟ್ ವೈಫೈ ಇಡಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ನಿಮ್ಮ ಮನೆ ತುಂಬ ಜನ ಬಂದಾಗ ಕಾಲು ತೊಳೆಯಲು ನೀರು ಕೇಳುವುದಕ್ಕಿಂತ ಮೊದಲು ಪಾಸ್‌ವರ್ಡ್ ಕೇಳುತ್ತಾರೆ. ಗೆಸ್ಟಿನಲ್ಲಿದ್ದರೆ ಇಂಟರ್ನೆಟ್ ಸಿಗುತ್ತದೆ, ಅಪ್ಪನ ಅಡಿಕೆ ಲೆಕ್ಕ ಸಿಗುವುದಿಲ್ಲ.

ತೋಟದಂಚು (ಮೂರು ವಾರದ ನಂತರ)

ಆಯಿತು! ಏನೇನಾಯಿತು ಎಂದು ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾದೀತು.

ಮೆತ್ತಿನದು ಒಂದು ಬೆಳಗ್ಗೆಯಲ್ಲಿ ಮುಗಿಯಿತು. 18 ಮೀಟರ್ ಕೇಬಲ್. ಈಗ ಮೇಲೆ 47 ಬರುತ್ತದೆ. ಆದರೆ ಅವತ್ತು ರಾತ್ರಿ ವಿಚಿತ್ರ ತೊಂದರೆ, ನನ್ನ ಫೋನಿಗೆ ಇಂಟರ್ನೆಟ್ ಇದೆ, ಆಯಿಯ ಫೋನಿಗಿಲ್ಲ, ಅಪ್ಪನಿಗೆ ಇದೆ, ತಂಗಿಗಿಲ್ಲ. ವೈಫೈ ಕನೆಕ್ಟೆಡ್ ಎಂದು ಎಲ್ಲರಿಗೂ ತೋರಿಸುತ್ತದೆ. ಅಪ್ಪ "ನೀನು ಕೈ ಹಾಕುವುದಕ್ಕೆ ಮೊದಲು ಸರಿ ಇತ್ತು" ಅಂದರು. ಒಂದು ಗಂಟೆ ಒದ್ದಾಡಿ ನೋಡಿದರೆ, ಘಟ್ಟದ ಮೇಲಿನವರು ಮರೆಯಬೇಡಿ ಅಂದದ್ದನ್ನೇ ಮರೆತಿದ್ದೆ. ಡಿಎಚ್‌ಸಿಪಿ ಆಫ್ ಮಾಡಿ ಸೇವ್ ಒತ್ತಿರಲಿಲ್ಲ. ಎರಡೂ ರೂಟರ್ ವಿಳಾಸ ಹಂಚುತ್ತಿದ್ದವು. ಎರಡನೆಯದರಿಂದ ವಿಳಾಸ ಪಡೆದ ಫೋನುಗಳು ಇಂಟರ್ನೆಟ್ಟಿಗೆ ಅದರ ಬಾಗಿಲನ್ನೇ ಬಡಿಯುತ್ತಿದ್ದವು, ಅಲ್ಲಿ ದಾರಿಯೇ ಇಲ್ಲ. ಆಫ್ ಮಾಡಿ, ಎಲ್ಲರ ವೈಫೈ ಒಮ್ಮೆ ಆರಿಸಿ ಹಚ್ಚಿದ ಮೇಲೆ ಸರಿಯಾಯಿತು.

ಚಿಕ್ಕಪ್ಪನ ಮನೆಗೆ ಧರೆಯ ಅಂಚಿನಲ್ಲೇ ಹೋದೆವು. 150 ಮೀಟರಿನ ಫೈಬರ್, ಲೋಹ ಇಲ್ಲದ್ದು, ಎರಡೂ ತುದಿಗೆ ಕನೆಕ್ಟರ್ ಹಾಕಿಯೇ ಬಂದಿತ್ತು. ಪೈಪಿನೊಳಗೆ ತೂರಿಸುವುದೇ ದೊಡ್ಡ ಕೆಲಸ. ಮೊದಲು ನೈಲಾನ್ ದಾರದ ತುದಿಗೆ ಪ್ಲಾಸ್ಟಿಕ್ ಕೊಟ್ಟೆಯ ಚೂರು ಕಟ್ಟಿ, ಆಚೆ ತುದಿಯಿಂದ ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆದೆವು. ಐಡಿಯಾ ಚಿಕ್ಕಪ್ಪನ ಮಗಳದ್ದು. ದಾರ ಫಟ್ ಎಂದು ಬಂತು. ಆ ದಾರಕ್ಕೆ ಫೈಬರ್ ಕಟ್ಟಿ, ಪೈಪಿನ ತುಂಡು ತುಂಡಾಗಿ, ಮೆಲ್ಲಗೆ. ಅಗೆಯಲು ಇಬ್ಬರು ಎರಡು ದಿನ, ಊಟ ಚಾ ಸೇರಿ.

ಕನ್ವರ್ಟರ್ ಬಾಕ್ಸ್ ಬಿಚ್ಚಿದರೆ ಎರಡೂ ಎ! ಶರಾವತಿ ಬದಿಯವರ ಮಾತು ನೆನಪಿತ್ತು, ಹಾಗಾಗಿ ಹಚ್ಚಿ ತಲೆಕೆಡಿಸಿಕೊಳ್ಳಲಿಲ್ಲ, ನೇರ ವಾಪಸ್ ಕಳಿಸಿದೆ. ಸರಿಯಾದದ್ದು ಬರಲು ಮತ್ತೆ ಒಂದು ವಾರ. ಬಂದದ್ದನ್ನು ಸಿಕ್ಕಿಸಿದ ಕೂಡಲೇ ಹಸಿರು ದೀಪ ಹತ್ತಿತು. ಆಚೆ ಮನೆಯಲ್ಲಿ ಈಗ 46. ವೈಫೈ ಕಾಲಿಂಗ್ ಆನ್ ಮಾಡಿಕೊಟ್ಟೆ, ಚಿಕ್ಕಮ್ಮ ಅಡುಗೆಮನೆಯಲ್ಲೇ ನಿಂತು ತವರಿಗೆ ಫೋನ್ ಮಾಡುತ್ತಾರೆ. ಧರೆ ಹತ್ತುವ ಕೆಲಸ ಮುಗಿಯಿತು.

ಉಳಿದದ್ದು ಪ್ರಿಂಟರ್. ಡೆಸ್ಕ್‌ಟಾಪಿನಲ್ಲಿ ಶೇರ್ ಮಾಡಿದ್ದೇನೆ. ನನ್ನ ಲ್ಯಾಪ್‌ಟಾಪಿಗೆ ಬೆಳಗ್ಗೆ ಕಾಣುತ್ತದೆ, ಸಂಜೆ ಮಾಯ. ಮತ್ತೆ 20 ಮೀಟರಿನಷ್ಟು ಫೈಬರ್ ಜಾಸ್ತಿ ಆಗಿ ಚಿಕ್ಕಪ್ಪನ ಜಗುಲಿಯಲ್ಲಿ ಸುರುಳಿ ಬಿದ್ದಿದೆ, ಕತ್ತರಿಸಿಬಿಡಲಾ?

ಘಟ್ಟದ_ಮೇಲಿನವ

ಕತ್ತರಿಸಬೇಡಿ! ಕತ್ತರಿಸಿದರೆ ಕನೆಕ್ಟರ್ ಹೋಯಿತು, ಮತ್ತೆ ಮೆಷಿನ್ ಇದ್ದವರನ್ನು ಹುಡುಕಬೇಕು. ಊಟದ ತಟ್ಟೆಯಷ್ಟು ಅಗಲಕ್ಕೆ ಸುತ್ತಿ ಮಾಡಿನ ಕೆಳಗೆ ನೇತುಹಾಕಿ, ತೀರಾ ಚಿಕ್ಕದಾಗಿ ಮಡಚಬೇಡಿ. ಎಂದಾದರೂ ಇಲಿ ಕಡಿದರೆ ಜೋಡಿಸಲು ಆ ಉದ್ದ ಬೇಕಾಗುತ್ತದೆ.

ಪ್ರಿಂಟರ್ ಮಾಯ ಆಗುವುದಕ್ಕೆ ಸಂಜೆ ಅಪ್ಪ ಡೆಸ್ಕ್‌ಟಾಪ್ ಬಂದ್ ಮಾಡಿ ಏಳುತ್ತಾರಾ ನೋಡಿ. ಯುಎಸ್‌ಬಿ ಪ್ರಿಂಟರಿಗೆ ಆ ಕಂಪ್ಯೂಟರೇ ಬಾಯಿ, ಅದು ಮಲಗಿದರೆ ಇದೂ ಮಲಗಿತು. ಸ್ಲೀಪ್ ಆಗುವ ಸೆಟ್ಟಿಂಗ್ ಇದ್ದರೆ ತೆಗೆಯಿರಿ. ಎರಡೂ ಕಂಪ್ಯೂಟರಿನಲ್ಲಿ ಈ ನೆಟ್‌ವರ್ಕ್ ಪಬ್ಲಿಕ್ ಎಂದಿದ್ದರೆ ಪ್ರೈವೇಟ್ ಮಾಡಿ. ಮತ್ತೆ ಮುಖ್ಯ ಬಾಕ್ಸಿನಲ್ಲಿ ಡೆಸ್ಕ್‌ಟಾಪಿಗೆ ಒಂದೇ ವಿಳಾಸ ಕಾದಿರಿಸಿ, 192.168.1.50 ಅಂತ ಏನಾದರೂ, ದಿನಕ್ಕೊಂದು ವಿಳಾಸ ಬದಲಾದರೆ ಹುಡುಕುವವರಿಗೂ ಕಷ್ಟ.

ತೋಟದಂಚು

ಅಪ್ಪನೇ. ಆರು ಗಂಟೆಗೆ ದೀಪ ಹಚ್ಚುವ ಹೊತ್ತಿಗೆ ಕಂಪ್ಯೂಟರ್ ಬಂದ್ ಮಾಡುತ್ತಾರಂತೆ, ಕರೆಂಟ್ ಸುಮ್ನೆ ಯಾಕೆ ಸುಡಬೇಕು ಅಂತ. ಸಂಜೆ ಪ್ರಿಂಟ್ ಬೇಕಾದರೆ ಕೆಳಗೆ ಇಳಿದು ಬಾ ಅಂದಿದ್ದಾರೆ.